ಕರಿಕಲ್ಲಿನ ಕೆಳಗಿನ ನಾಡು

ನಿಪ್ಪಾಣಿಯ ತಂಬಾಕಿನ ಹೊಲಗಳಿಂದ ಹಿಡಿದು ಅಥಣಿಯಾಚೆಯ ಒಣ ಮಡ್ಡಿಗಳವರೆಗೆ, ಎಲ್ಲಿ ಗುದ್ದಲಿ ಹಾಕಿದರೂ ಮೊದಲು ಎರೆ, ಎರೆಯ ಕೆಳಗೆ ಗರಸು, ಗರಸಿನ ಕೆಳಗೆ ಕರಿಕಲ್ಲು, ಆ ಕಲ್ಲಿನ ಕೆಳಗೆ ಮತ್ತೆ ಕರಿಕಲ್ಲು. ನೆತ್ತಿಯ ಬಿಸಿಲು ನೇರ ಒಳಗಿಳಿಯುವ ಹೊತ್ತಿಗೆ ಯಾವುದಾದರೂ ಹಳೆಯ ತೋಟದ ಬಾವಿಯನ್ನು ಬಗ್ಗಿ ನೋಡಿದರೆ ಅದರ ಒಡಲೆಲ್ಲ ಪದರ ಪದರವಾಗಿ ತೆರೆದುಕೊಂಡಿರುತ್ತದೆ. ಒಂದು ಕಪ್ಪು ಪದರ, ಅದರಡಿಗೆ ಸುಟ್ಟ ಮಣ್ಣಿನ ಬಣ್ಣದ ತೆಳುವಾದ ಕೆಂಪು ಪಟ್ಟಿ, ಮತ್ತೆ ಕಪ್ಪು, ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ಕಡಕ್ ರೊಟ್ಟಿಗಳ ಹಾಗೆ. ಅಲ್ಲಲ್ಲಿ ಕಲ್ಲಿನ ಪೊಟರೆಯೊಳಗೆ ಬಿಳಿಯ ಹರಳುಗಳು ಗುಂಪುಗೂಡಿ ನಿಂತಿರುತ್ತವೆ. ಬಾವಿ ತೋಡುವವರು ಅವನ್ನು ಮಕ್ಕಳ ಕೈಗೆ ಕೊಟ್ಟುಬಿಡುತ್ತಾರೆ. ಬಂಗಾರವನ್ನಂತೂ ಇಲ್ಲಿ ಯಾರೂ ಎದುರು ನೋಡುವುದಿಲ್ಲ.

ಬಂಗಾರದ ಕಥೆಗಳೆಲ್ಲ ನಮ್ಮ ಸೀಮೆಯನ್ನು ಸುತ್ತುಬಳಸಿ ಹೋಗಿವೆ. ಆಗ್ನೇಯಕ್ಕೆ ಗದಗಿನ ಕಪ್ಪತಗುಡ್ಡ, ಮೂಡಲಿಗೆ ರಾಯಚೂರು ಸೀಮೆಯ ಹಟ್ಟಿ, ತೀರ ದೂರದಲ್ಲಿ ಕೋಲಾರ. ನಮ್ಮದೇ ಬೆಳಗಾವಿ ಜಿಲ್ಲೆಯ ಬೆಳವಡಿ, ಮುರಗೋಡಗಳ ಕಡೆ ಬಂಗಾರ ಕಂಡಿತ್ತೆಂದು ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ಬರೆದುಕೊಂಡಿವೆ. ಆದರೆ ಅಲ್ಲಿಂದ ಬಡಗಣಕ್ಕೆ ಬಂದಂತೆ ಆ ಸುದ್ದಿ ಕ್ಷೀಣಿಸುತ್ತದೆ. ಭೂವಿಜ್ಞಾನದ ನಕಾಶೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಬಹುಪಾಲು ಒಂದೇ ಬಣ್ಣದೊಳಗೆ ಮುಳುಗಿ ಕೂತಿವೆ, ದಖನ್ನಿನ ಲಾವಾದ ಬಣ್ಣದೊಳಗೆ. ಇಲ್ಲದ ಜಾಗದಲ್ಲಿ ಕೂತು ಬಂಗಾರದ ಬಗ್ಗೆ ಯೋಚಿಸುವುದರಲ್ಲಿ ಒಂದು ಸುಖವಿದೆ. ಆಸೆ ನಡುವೆ ಬಂದು ಕಣ್ಣಿಗೆ ಮಣ್ಣು ಹಾಕುವುದಿಲ್ಲ.

ಹಾಗೆ ನೋಡಿದರೆ ವರ್ಷಕ್ಕೊಂದು ಸಂಜೆ ಈ ಸೀಮೆಯ ಮನೆಮನೆಯೂ ಬಂಗಾರದಿಂದ ತುಂಬುತ್ತದೆ. ವಿಜಯದಶಮಿಯ ದಿನ ಹೊತ್ತು ಇಳಿಯುವಾಗ ಊರಾಚೆಯ ಬನ್ನಿಯ ಗಿಡಕ್ಕೆ ಪೂಜೆಯಾಗಿ, ಅಂಗಿಯ ಕಿಸೆಯಲ್ಲಿ, ಸೆರಗಿನ ತುದಿಯಲ್ಲಿ ಎಲೆಗಳನ್ನು ತುಂಬಿಕೊಂಡು ಮಂದಿ ಓಣಿ ಓಣಿ ತಿರುಗುತ್ತಾರೆ. ಗಡಿಯ ಊರುಗಳಲ್ಲಿ ಬನ್ನಿಯ ಜೊತೆಗೆ ಆಪಟೆಯ ಎಲೆಯೂ ಬೆರೆತಿರುತ್ತದೆ. ಕಿರಿಯರು ಹಿರಿಯರ ಅಂಗೈಯಲ್ಲಿ ಎಲೆಯಿಟ್ಟು, ಕಾಲು ಮುಟ್ಟಿ, "ಬಂಗಾರ ತಗೊಂಡು ಬಂಗಾರದ್ಹಂಗ ಇರೂಣ್ರಿ" ಅನ್ನುತ್ತಾರೆ. ವರ್ಷವಿಡೀ ಬದುವಿನ ಜಗಳದಲ್ಲಿ ಮಾತು ಬಿಟ್ಟವರು ಕೂಡ ಆ ಸಂಜೆ ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಳ್ಳುವುದನ್ನು ನೋಡಿದ್ದೇನೆ. ಮರುದಿನ ಬೆಳಿಗ್ಗೆ ಬಾಡಿ ಸುರುಟಿದ ಬಂಗಾರ ಜಗಲಿಯ ಮೂಲೆಯಲ್ಲಿ ಬಿದ್ದಿರುತ್ತದೆ. ಅದನ್ನು ಗುಡಿಸುವಾಗಲೂ ಯಾಕೋ ಕೈ ಒಂದು ಗಳಿಗೆ ತಡೆಯುತ್ತದೆ.

2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತಮ್ಮ ದೇಶದ ಪಡುವಣ ಭಾಗದ ಕಾಲ್ಗೂರ್ಲಿಯ ಕಡೆಯ ನೀಲಗಿರಿ ಮರಗಳ ಎಲೆಯೊಳಗೆ ನಿಜವಾದ ಬಂಗಾರದ ಕಣಗಳಿವೆ ಎಂದು ತೋರಿಸಿಕೊಟ್ಟ ಸುದ್ದಿ ಓದಿದಾಗ ನನಗೆ ಈ ಮೂಲೆಯ ಎಲೆಗಳು ನೆನಪಾದವು. ಬರಗಾಲದ ನೆಲದಲ್ಲಿ ನೀರು ಹುಡುಕುತ್ತಾ ಮೂವತ್ತು ಮೀಟರಿಗೂ ಆಳಕ್ಕೆ ಇಳಿದ ಬೇರು, ನೀರಿನ ಜೊತೆಗೆ ಅಲ್ಲಿದ್ದ ಬಂಗಾರವನ್ನೂ ತಿಳಿಯದೆ ಕುಡಿದು, ತನಗೆ ಬೇಡದ ಆ ಲೋಹವನ್ನು ಮೇಲಕ್ಕೆ ಕಳಿಸಿ ಎಲೆಯೊಳಗೆ ಇಟ್ಟುಬಿಟ್ಟಿದೆ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣ ಚುಕ್ಕೆಗಳು, ಬರಿಗಣ್ಣಿಗೆ ಕಾಣುವಂಥವಲ್ಲ. ಯಾರೂ ಅಗೆಯದ ನೆಲದ ಸಮಾಚಾರವನ್ನು ಮರವೊಂದು ಗಾಳಿಗೆ ಹಿಡಿದು ಅಲುಗಾಡಿಸುತ್ತಿತ್ತು, ಕೆಳಗೆ ಜನ ನಡೆದುಹೋಗುತ್ತಿದ್ದರು.

ಅಂಥ ನೆಲದ ಸಮಾಚಾರ ಓದುತ್ತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಕಡೆ ಅಡ್ಡಾಡಿದ್ದು ನೂರೈವತ್ತು ವರ್ಷಗಳ ಹಿಂದೆ. 1858ರಲ್ಲಿ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿ, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲುಗೊಡಲಿಯೊಂದನ್ನು ಎತ್ತಿಕೊಂಡು ಹೆಸರಾದವರು. ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಸಿಕೊಳ್ಳುತ್ತಿದ್ದ ಬೆಳಗಾವಿ, ಧಾರವಾಡ, ಕಲಾದಗಿಗಳ ಕಲ್ಲುಮಣ್ಣುಗಳ ಮೇಲೆ ಅವರು ಬರೆದ ದೊಡ್ಡ ವರದಿ 1876ರಲ್ಲಿ ಹೊರಬಂತು. ಬಂಗಾರದ ಮಾತು ಅದಕ್ಕೂ ಮೊದಲಿನದು: 1874ರಲ್ಲಿ ಅವರು ಡಂಬಳದ ಗುಡ್ಡಗಳ, ಅಂದರೆ ಇವತ್ತಿನ ಕಪ್ಪತಗುಡ್ಡದ, ಬಂಗಾರದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ಸೊರಟೂರಿನ ಹಳ್ಳದಲ್ಲಿ ಮರಳು ತೊಳೆಯುತ್ತಿದ್ದ ಜಲಗಾರರೇ ಆ ಗುಡ್ಡದ ನಿಜವಾದ ಶೋಧಕರು. ಫೂಟ್ ಆ ಜಲಗಾರರ ಪಕ್ಕದಲ್ಲಿ ಕೂತು ನೋಡಿದವರು, ಅಷ್ಟೇ.

ಆ ತೊಳೆಯುವಿಕೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕಟ್ಟಿಕೊಂಡು ನೋಡುವುದು ನನಗೊಂದು ಹವ್ಯಾಸವಾಗಿಬಿಟ್ಟಿದೆ. ಮಳೆಗಾಲ ಹಿಂದಾಗಿ ಹಳ್ಳದ ನೀರು ತಿಳಿಯಾಗುವ ದಿನಗಳು. ಜಲಗಾರ ಮೊದಲು ನೀರನ್ನು ಓದುತ್ತಾನೆ. ಎಲ್ಲಿ ಓಟ ನಿಧಾನವಾಯಿತು, ಯಾವ ಬಂಡೆಯ ಬೆನ್ನಿಗೆ ಸುಳಿ ಎದ್ದಿತು, ಯಾವ ಗಿಡದ ಬೇರು ಮರಳನ್ನು ತಡೆದು ಹಿಡಿಯಿತು. ಅಲ್ಲಿಂದ ಗೋರಿದ ಮರಳನ್ನು ಮರದ ಮರಿಗೆಯಲ್ಲಿ ಹಾಕಿಕೊಂಡು, ನೀರಿನಲ್ಲಿ ಅರ್ಧ ಮುಳುಗಿಸಿ, ತಿರುವುತ್ತ, ಓಲಾಡಿಸುತ್ತ, ತುಳುಕಿಸುತ್ತ ಕೂರುತ್ತಾನೆ. ಮೊದಲು ಮಣ್ಣು ಹೋಗುತ್ತದೆ, ನೀರು ಹಾಲಿನಂತೆ ಕದಡಿ ಮತ್ತೆ ತಿಳಿಯಾಗುತ್ತದೆ. ಆಮೇಲೆ ಬಿಳಿಯ ಮರಳು ಪದರ ಪದರವಾಗಿ ಅಂಚು ದಾಟಿ ಇಳಿಯುತ್ತದೆ. ಕೊನೆಗೆ ತಳದಲ್ಲಿ ಉಳಿಯುವುದು ಒಂದು ಚಿಟಿಕೆ ಕಪ್ಪು ಮರಳು, ಕಬ್ಬಿಣದ ಅಂಶದ ಭಾರದ ಮರಳು. ಅದನ್ನು ಓರೆಮಾಡಿ, ಅಂಗೈಯಿಂದ ಒಂದೇ ಒಂದು ತೆಳುವಾದ ಅಲೆಯನ್ನು ಅದರ ಮೇಲೆ ಹರಿಸಿದಾಗ, ಕಪ್ಪು ಸ್ವಲ್ಪ ಹಿಂದೆ ಸರಿದು, ಅಂಚಿನಲ್ಲಿ ಒಂದು ಹಳದಿಯ ಎಳೆ ತೋರುತ್ತದೆ, ಅಥವಾ ತೋರುವುದಿಲ್ಲ.

ಇದರಲ್ಲಿ ಮಂತ್ರವಿಲ್ಲ. ನೀರಿಗಿಂತ ಬಂಗಾರ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರ, ಬಿಳಿ ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಗುರವಾದದ್ದು ಹೋಗುತ್ತದೆ, ಭಾರದ್ದು ಕೂರುತ್ತದೆ. ಇಷ್ಟು ತಿಳಿದ ಮೇಲೂ ಆ ಕೊನೆಯ ಅಲೆಯ ಮುಂದೆ ಉಸಿರು ಬಿಗಿಹಿಡಿದು ಕೂತ ಮನುಷ್ಯನ ಮುಖ ನನ್ನ ಕಣ್ಣಿಂದ ದೂರವಾಗುವುದಿಲ್ಲ. ದಿನಗೂಲಿಯಷ್ಟೂ ಹುಟ್ಟದ ಕಾಯಕ ಅದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಯಂತ್ರ ತಂದು ಆ ಗುಡ್ಡಗಳನ್ನು ಕೊರೆದು, ಕೈ ಸುಟ್ಟುಕೊಂಡು ಎದ್ದುಹೋದವು. ಅವರಿಗಿಂತ ಬಹಳ ಮೊದಲೇ ಬಂದಿದ್ದ ಜಲಗಾರರಿಗೆ ಗುಡ್ಡ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಗೊತ್ತಿತ್ತು.

ನಮ್ಮ ಕೃಷ್ಣೆಯ ದಂಡೆಯಲ್ಲೂ ಆ ಕಪ್ಪು ಮರಳಿದೆ. ಯಡೂರಿನ ವೀರಭದ್ರನ ಗುಡಿಯ ಕೆಳಗೆ, ಹೊಳೆ ಇಳಿದ ದಿನಗಳಲ್ಲಿ, ಒದ್ದೆ ದಡದ ಮೇಲೆ ನೀರು ಎಳೆದುಹೋದ ಕಪ್ಪು ಗೆರೆಗಳು ಒಂದರ ಹಿಂದೊಂದು ಕಾಣುತ್ತವೆ. ಹಾಳಾದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹುಡುಗರು ಅದರ ಮೇಲೆ ಎಳೆದರೆ ಕಪ್ಪು ಕಣಗಳು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಳ್ಳುತ್ತವೆ. ಮಹಾಬಳೇಶ್ವರದಿಂದ ಇಲ್ಲಿಯವರೆಗೆ ಈ ಹೊಳೆ ಉಜ್ಜಿ ತಂದದ್ದೆಲ್ಲ ಕರಿಕಲ್ಲಿನ ಪುಡಿ. ಜಲಗಾರನ ಮರಿಗೆಯಲ್ಲಿ ಕೊನೆಗೆ ಉಳಿಯುವ ಕಪ್ಪು ಇಲ್ಲಿ ದಡದ ತುಂಬ ಹಾಸಿಕೊಂಡಿದೆ. ಎಂಥ ಕರಿಕಲ್ಲಿನಲ್ಲೂ ಟನ್ನಿಗೆ ಕೆಲವೇ ಮಿಲಿಗ್ರಾಮಿನಷ್ಟು ಬಂಗಾರ ಇದ್ದೇ ಇರುತ್ತದಂತೆ. ಹಟ್ಟಿಯಂಥ ಗಣಿಯ ಅದಿರಿನಲ್ಲೂ ಇರುವುದು ಟನ್ನಿಗೆ ಕೆಲವು ಗ್ರಾಂ. ಅಂದಮೇಲೆ ಎರೆ ಹೊಲದಲ್ಲಿ ಬರಿಗಾಲಲ್ಲಿ ನಡೆದು ಬಂದವರ ಹಿಮ್ಮಡಿಯ ಬಿರುಕಿನಲ್ಲೂ ಅದು ಇಷ್ಟಿಷ್ಟು ಇರಬೇಕು. ಇದೇ ನೀರು ಕುಡಚಿಯ ರೈಲು ಸೇತುವೆಯ ಕೆಳಗೆ ಹಾದು, ಆಲಮಟ್ಟಿಯಲ್ಲಿ ನಿಂತು, ನಾರಾಯಣಪುರದಲ್ಲಿ ಮತ್ತೆ ನಿಂತು, ಕೊನೆಗೆ ಹಟ್ಟಿಯಿರುವ ಲಿಂಗಸುಗೂರು ತಾಲ್ಲೂಕಿನ ಬಡಗಣ ಅಂಚನ್ನು ಸವರಿಕೊಂಡು ಹೋಗುತ್ತದೆ. ಹೊಳೆಗೆ ಯಾವುದು ಬಂಗಾರದ ನಾಡು, ಯಾವುದು ಅಲ್ಲ ಎಂಬ ಭೇದವಿಲ್ಲ.

ಈಗ ಆ ಕೆಳಗಿನ ನಾಡಿಗೆ ಬರುತ್ತೇನೆ. ನಾನು ಇಷ್ಟು ಹೊತ್ತು ಸುತ್ತುತ್ತಿದ್ದದ್ದು ಅದರ ಅಂಚಿನಲ್ಲೇ. ಗೋಕಾಕದ ಕಡೆ ಹೋದಂತೆ ನಮ್ಮ ಕರಿಕಲ್ಲು ತೆಳುವಾಗುತ್ತ ಬಂದು, ಅದರಡಿಯಿಂದ ಬೇರೊಂದು ಕಲ್ಲು ತಲೆಯೆತ್ತುತ್ತದೆ. ಘಟಪ್ರಭೆ ಐವತ್ತು ಮೀಟರಿಗೂ ಎತ್ತರದಿಂದ ಧುಮುಕುವುದು ಆ ಮರಳುಗಲ್ಲಿನ ಮೇಲಿಂದ. ಅದೂ ಕೊನೆಯ ಕಲ್ಲಲ್ಲ. ಇನ್ನೂ ತೆಂಕಣಕ್ಕೆ ಹೋದರೆ, 250 ಕೋಟಿ ವರ್ಷಕ್ಕೂ ಹಳೆಯವಾದ, ಫೂಟ್ ಅವರೇ ಧಾರವಾಡದ ಹೆಸರಿಟ್ಟ ಶಿಲೆಗಳ ಪಟ್ಟೆಗಳು ಉದ್ದಕ್ಕೆ ಮಲಗಿವೆ. ಬಂಗಾರವಿರುವುದು ಅವುಗಳಲ್ಲಿ, ಅವುಗಳ ಮೈಯನ್ನು ಸೀಳಿ ಹರಿದ ಬಿಳಿಗಲ್ಲಿನ ನರಗಳಲ್ಲಿ. ಆ ಪಟ್ಟೆಗಳು ತೆಂಕಣದಿಂದ ಬಡಗಣಕ್ಕೆ, ತುಸು ವಾಯವ್ಯಕ್ಕೆ ವಾಲಿ, ನಮ್ಮ ದಿಕ್ಕಿಗೇ ಬರುತ್ತವೆ. ಬಂದು ಮರಳುಗಲ್ಲಿನ ಕೆಳಗೆ, ಆಮೇಲೆ ಲಾವಾದ ಕೆಳಗೆ ಸರಿದು ಮರೆಯಾಗುತ್ತವೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಆ ಬಿರುಕುಗಳಿಂದ ಕರಗಿದ ಕಲ್ಲು ಉಕ್ಕಿ ಹರಡತೊಡಗಿದಾಗ, ಅದು ಹರಡಿದ್ದು ಖಾಲಿ ಜಾಗದ ಮೇಲಲ್ಲ. ಅಲ್ಲೊಂದು ನಾಡಿತ್ತು. ಅದಕ್ಕೆ ತನ್ನ ಗುಡ್ಡಗಳಿದ್ದವು, ಗುಡ್ಡಗಳಿಂದಿಳಿದ ಹಳ್ಳಗಳಿದ್ದವು, ಹಳ್ಳದ ತಿರುವಿನಲ್ಲಿ ತೊಳೆದು ಕೂತ ಮರಳಿತ್ತು, ಮರಳಿನ ಮೇಲೆ ಆ ಕಾಲದ ಪ್ರಾಣಿಗಳ ಹೆಜ್ಜೆ ಬಿದ್ದು ಅಳಿಯುತ್ತಿದ್ದವು. ಲಾವಾ ಮೊದಲು ತಗ್ಗುಗಳನ್ನು ತುಂಬಿತು, ಆಮೇಲೆ ದಿಬ್ಬಗಳನ್ನು ಏರಿತು. ತಣ್ಣಗಾಗಿ, ಅದರ ನೆತ್ತಿಯ ಮೇಲೆ ಮಳೆ ಬಿದ್ದು, ಕೆಂಪು ಮಣ್ಣು ಹುಟ್ಟುವಷ್ಟು ಕಾಲ ಸುಮ್ಮನಿದ್ದು, ಮತ್ತೆ ಹರಿಯಿತು. ಬಾವಿಯ ಗೋಡೆಯ ಕೆಂಪು ಪಟ್ಟಿಗಳು ಆ ಸುಮ್ಮನಿದ್ದ ಕಾಲದ ಗುರುತು. ಹೀಗೆ ಮತ್ತೆ ಮತ್ತೆ. ಕಡೆಗೆ ಅತಿ ಎತ್ತರದ ಗುಡ್ಡದ ತುದಿಯೂ ಮುಳುಗಿ, ಮೇಲೆ ಹೊಸದೊಂದು ಬಯಲು ಹುಟ್ಟಿತು. ಆ ಬಯಲಿನ ಮೇಲೆ ನಾವು ಕಬ್ಬು ಬೆಳೆದಿದ್ದೇವೆ, ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದ್ದೇವೆ, ಮಕ್ಕಳನ್ನು ಶಾಲೆಗೆ ಕಳಿಸುತ್ತೇವೆ, ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ಕಬ್ಬಿನ ಬಿಲ್ ಯಾವಾಗ ಬರುತ್ತದೆಂದು ಚರ್ಚಿಸುತ್ತೇವೆ. ಆ ಹಳೆಯ ಹಳ್ಳಗಳು ಅವವೇ ತಿರುವುಗಳಲ್ಲಿ, ಅವವೇ ಮರಳಿನ ಸಮೇತ, ಕೆಳಗೆ ಕತ್ತಲೆಯಲ್ಲಿವೆ.

ಯಾರೂ ಕಾಲಿಡದ ನಾಡು ಎಂದು ಹುಡುಕಿಕೊಂಡು ಜನ ಅಲಾಸ್ಕಾಕ್ಕೆ, ಅಮೆಜಾನಿನ ಕಾಡಿಗೆ ಹೋದರು. ಕಾಲಿಡದ ನಾಡು ಇಷ್ಟು ಹತ್ತಿರ, ನೇರ ಕೆಳಗೆ, ಮಲಗಿದವರ ಬೆನ್ನಿನ ಕೆಳಗೆ ಇರಬಹುದೆಂದು ಯಾರಿಗೆ ಹೊಳೆದೀತು! ಅದನ್ನು ಮುಟ್ಟಿದ್ದೂ ಉಂಟು, ಕೆಲವು ಸಲ ದುಃಖದ ನೆವದಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇದೇ ಕರಿಕಲ್ಲಿನ ಮೇಲೆ ಕೂತ ಕಿಲ್ಲಾರಿ ಊರು ನಡುಗಿ ಸಾವಿರಾರು ಜನ ಮಡಿದ ಮೇಲೆ, ನೆಲ ಯಾಕೆ ನಡುಗಿತೆಂದು ತಿಳಿಯಲು ಅಲ್ಲಿ 617 ಮೀಟರ್ ಆಳದ ರಂಧ್ರ ಕೊರೆದರು. 338 ಮೀಟರಿಗೆ ಲಾವಾ ಮುಗಿಯಿತು. ಅದರಡಿಯಲ್ಲಿ ಕೆಲವು ಮೀಟರ್ ದಪ್ಪದ ಹಳೆಯ ಕೆಸರು ಮಣ್ಣು, ಅದರಡಿಯಲ್ಲಿ ಆದಿಯ ಬಂಡೆ. 1967ರ ಭೂಕಂಪದ ಕೊಯ್ನಾದಲ್ಲಿ ಈಚೆಗೆ ಮೂರು ಕಿಲೋಮೀಟರ್ ಆಳಕ್ಕೆ ಇಳಿದಾಗ, 1247 ಮೀಟರಿನಷ್ಟು ಕರಿಕಲ್ಲು ದಾಟಿ ನೇರ ಬೆಣಚುಬಂಡೆ ಸಿಕ್ಕಿತು. ಕಿಲ್ಲಾರಿಯ ಆ ಕೆಲವು ಮೀಟರ್ ಮಣ್ಣನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಅದರ ಬಗ್ಗೆ ಓದಿದಾಗಿನಿಂದ ಅದು ನನ್ನ ತಲೆಯೊಳಗೆ ಒದ್ದೆಯಾಗಿಯೇ ಇದೆ. ಲಾವಾ ಬಂದ ದಿನ ಮೇಲ್ಗಡೆ ಇದ್ದ ಮಣ್ಣು ಅದು. ಕೊನೆಯ ಬಿಸಿಲು ಕಂಡ ಮಣ್ಣು.

ಬಂಗಾರ ಹುಡುಕಲು ಹೊರಟವರಿಗೆ ನೆಲ ಬಂಗಾರವನ್ನೇ ಕೊಡಬೇಕೆಂಬ ಕರಾರೇನೂ ಇಲ್ಲ. ಫೂಟ್ ಅವರಿಗೆ ಗೋಕಾಕದ ಸಮೀಪ ಸಿಕ್ಕಿದ್ದು ಖಡ್ಗಮೃಗದ ಎಲುಬುಗಳು. ಈಗ ಕಳ್ಳಿಗಿಡ, ಜಾಲಿ ಬಿಟ್ಟರೆ ಮತ್ತೇನೂ ಇರದ ದಂಡೆಗಳಲ್ಲಿ ಹಿಂದೊಮ್ಮೆ ಆ ಪ್ರಾಣಿ ಕೆಸರಲ್ಲಿ ಹೊರಳುತ್ತಿತ್ತು. 1874ರಲ್ಲಿ ಅವರು ಅದಕ್ಕೆ ದಖನ್ನಿನ ಹೆಸರೇ ಇಟ್ಟರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ನಿಜಾಮರ ರಾಜ್ಯದ ಬಂಗಾರದ ಗಣಿಗಳ ಇಂಜಿನಿಯರ್ ಬೀಡನ್ ಕಲ್ಲು ನೋಡುತ್ತ ತಿರುಗುವಾಗ ಬಂಡೆಯೊಂದರ ಮೇಲೆ ಅಕ್ಷರ ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬಂಥ ಬಿರುದುಗಳಿಂದಷ್ಟೇ ಕರೆದುಕೊಂಡ ದೊರೆ ಅಲ್ಲಿ ತನ್ನ ಹೆಸರನ್ನು ಬಿಟ್ಟುಕೊಟ್ಟಿದ್ದ: ಅಶೋಕ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಆ ಹೆಸರು ಬಂಡೆಯ ಮೇಲೆ ಹಾಗೇ ಕೂತಿತ್ತು, ದನ ಕಾಯುವವರ ಕಣ್ಣೆದುರೇ. ಅವತ್ತು ಬೀಡನ್ ಹಿಂದೆ ಹೋದ ಆಳುಗಳು, ಸಾಹೇಬರು ಬಂಗಾರ ಬಿಟ್ಟು ಕಲ್ಲಿನ ಗೀಚನ್ನು ಹೀಗೇಕೆ ನೋಡುತ್ತಿದ್ದಾರೆಂದು ಬೆರಗಾಗಿರಬೇಕು.

ಕಾಗವಾಡದಾಚೆ, ಗಡಿ ದಾಟಿ ಬಡಗಣಕ್ಕೆ ಹೋದರೆ ಸಾಂಗಲಿ ಜಿಲ್ಲೆಯ ಖಾನಾಪುರ, ಆಟಪಾಡಿಗಳು. ಅಲ್ಲೂ ಇದೇ ಕರಿಕಲ್ಲು, ಮಳೆ ಇನ್ನೂ ಕಡಿಮೆ. ಬಂಗಾರದ ಗಣಿಯೊಂದೂ ಇಲ್ಲದ ಆ ಊರುಗಳ ಗಂಡಸರು ದೇಶದ ಸರಾಫ ಪೇಟೆಗಳಿಗೆಲ್ಲ ಹೋಗಿ ಗಲಾಯಿಯ ಕೆಲಸ ಹಿಡಿದಿದ್ದಾರೆ: ಬಂಗಾರ ಬೆಳ್ಳಿ ಕರಗಿಸಿ ಶುದ್ಧ ಮಾಡುವ ಕೆಲಸ. ಕೇರಳದ ಯಾವುದೋ ಓಣಿಯ ಸಣ್ಣ ಕೋಣೆಯಲ್ಲಿ ಮೂಸೆಯ ಮುಂದೆ ಕೂತವನು ಮರಾಠಿಯಲ್ಲಿ ಊರಿನ ಬರದ ಸುದ್ದಿ ಕೇಳುತ್ತಿರುತ್ತಾನೆ. ಅಕ್ಕಸಾಲಿಗರ ಅಂಗಡಿಗಳಲ್ಲಿ ಕಸ ಹೊರಗೆ ಚೆಲ್ಲುವುದಿಲ್ಲ, ಕೈ ತೊಳೆದ ನೀರನ್ನೂ ಹಿಡಿದಿಡುತ್ತಾರೆ. ಅಂಥ ಪೇಟೆಗಳ ಗಟಾರದ ರಾಡಿಯನ್ನು ನಸುಕಿನಲ್ಲಿ ಗೋರಿ ಒಯ್ದು ತೊಳೆಯುವವರೂ ಇದ್ದಾರೆ. ಅದೇ ಓಲಾಟ, ಅದೇ ತುಳುಕು, ಅದೇ ಕೊನೆಯ ಅಲೆ. ಹಳ್ಳದ ಬದಲು ಗಟಾರ, ಅಷ್ಟೇ ವ್ಯತ್ಯಾಸ.

ಇದೆಲ್ಲ ಬಂಗಾರ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ನೆಲದಲ್ಲಿ ಸಿಗುವುದಿಲ್ಲ. 2017ರ ಆಗಸ್ಟ್ 17ರಂದು, ಸತ್ತ ನಕ್ಷತ್ರಗಳ ಉಳಿಕೆಗಳೆರಡು ಒಂದಕ್ಕೊಂದು ಡಿಕ್ಕಿ ಹೊಡೆದ ಕಂಪನ, ಬೆನ್ನಿಗೇ ಅದರ ಬೆಳಕು ಭೂಮಿಯನ್ನು ಮುಟ್ಟಿದವು. ಬಂಗಾರದಂಥ ಭಾರದ ಧಾತುಗಳು ಹುಟ್ಟುವುದು ಅಂಥ ಡಿಕ್ಕಿಗಳಲ್ಲಿ ಎಂಬುದಕ್ಕೆ ಅವತ್ತಿನ ಬೆಳಕು ಸಾಕ್ಷಿ ಹೇಳಿತು. ಸುಮಾರು 13 ಕೋಟಿ ವರ್ಷ ದಾರಿ ಸವೆಸಿ ಬಂದ ಬೆಳಕು ಅದು. ಅದು ಹೊರಟಾಗ ನಮ್ಮ ಕರಿಕಲ್ಲು ಇನ್ನೂ ಹುಟ್ಟಿರಲಿಲ್ಲ, ಕೆಳಗಿನ ನಾಡಿನ ಹಳ್ಳಗಳು ಬಿಸಿಲಲ್ಲಿ ಹರಿಯುತ್ತಿದ್ದವು. ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದಾಗ, ಸಾವಿರಾರು ಕೈಗಳು ಏಕಕಾಲಕ್ಕೆ ಭಂಡಾರ ತೂರಿ, ಗುಡಿಯ ಶಿಖರ, ಮಂದಿಯ ರುಮಾಲು, ಎತ್ತಿನ ಕೊಂಬು, ಮಕ್ಕಳ ರೆಪ್ಪೆ ಎಲ್ಲವೂ ಅರಿಶಿನದ ಹಳದಿಯಲ್ಲಿ ಕರಗಿ, ಗಾಳಿಯೇ ಬಣ್ಣವಾಗಿ ನಿಂತ ಆ ಗಳಿಗೆಯಲ್ಲಿ, ಹಿಂದೆಂದೋ ಎಲ್ಲೋ ಆದ ಆ ತೂರಾಟವನ್ನು ನೆನೆಯದೆ ಇರಲು ನನ್ನಿಂದ ಆಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನನ್ನ ಹಣೆಗೂ ಭಂಡಾರ ಬಳಿದು, "ಕಣ್ಣ ಮುಚ್ಕೋ ತಮ್ಮಾ, ಉರಿತೈತಿ" ಅಂದಳು.

ಮೊನ್ನೆ ಬೇಸಿಗೆಯಲ್ಲಿ ರಾಯಬಾಗದ ಕಡೆಯ ಒಂದು ತೋಟದಲ್ಲಿ ರಾತ್ರಿ ಬೋರ್ ಹೊಡೆಯುತ್ತಿದ್ದರು. ಗಾಡಿ ತಮಿಳುನಾಡಿನ ತಿರುಚೆಂಗೋಡಿನದು. ಲೈಟಿನ ಬೆಳಕಿನಲ್ಲಿ ಬೂದಿಬಣ್ಣದ ಧೂಳು ಎದ್ದು ಕಬ್ಬಿನ ಗರಿಗಳ ಮೇಲೆಲ್ಲ ಕೂರುತ್ತಿತ್ತು. ಕಿವಿ ಗಡಚಿಕ್ಕುವ ಆ ಸದ್ದಿನ ನಡುವೆ ಹೊಲದ ಕಾಕಾ ಪ್ರತಿ ರಾಡ್ ಇಳಿದಾಗಲೂ ಒಂದು ಹಿಡಿ ಪುಡಿ ತೆಗೆದು, ಬ್ಯಾಟರಿ ಹಾಕಿ ನೋಡಿ, ಬದುವಿನ ಮೇಲೆ ಸಾಲಾಗಿ ಗುಂಪೆ ಇಡುತ್ತಿದ್ದರು: ಕರಿದು, ಕರಿದು, ಕೆಂಪು, ಕರಿದು. "ಕೆಂಪ ಬಂದಲ್ಲೆ ನೀರ ಸಿಗತಾವ ನೋಡ್ರಿ" ಎಂದು ನನಗೆ ಹೇಳಿದರು. ಎರಡು ಲಾವಾಗಳ ನಡುವಿನ ಆ ಸುಮ್ಮನಿದ್ದ ಕಾಲದೊಳಗೆ ನೀರು ಅಡಗಿರುತ್ತದೆ ಎಂಬುದು ಅವರಿಗೆ ಪುಸ್ತಕವಿಲ್ಲದೆ ಗೊತ್ತಿತ್ತು. ನಾನು ಕೆಳಗಿನ ನಾಡಿನ ಮಾತು ತೆಗೆದೆ. ಹಿಂಗಿಂಗೆ ಕಾಕಾ, ಇದರ ತಳಕ್ಕ ಮತ್ತೊಂದು ನೆಲ ಐತಿ, ಹಳ್ಳ ಐತಿ, ಬಂಗಾರನೂ ಇದ್ದೀತು. ಅವರು ಪುಡಿಯಿಂದ ಕಣ್ಣು ತೆಗೆಯದೆ, "ಆ ಹಳ್ಳದಾಗ ನೀರ ಐತೇನ?" ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ನಡುರಾತ್ರಿ ಕಳೆದ ಮೇಲೆ ಧೂಳು ಒದ್ದೆಯಾಯಿತು, ಆಮೇಲೆ ರಾಡಿ, ಆಮೇಲೆ ಪೈಪಿನ ಬಾಯಿಂದ ಒಂದು ಕೆಂಪು ಚಿಲುಮೆ. ಮಗ ಕೇಕೆ ಹಾಕಿದ. ಕಾಕಾ ಬೊಗಸೆ ಒಡ್ಡಿ ನೀರು ಹಿಡಿದು, ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿದರು. ಹೊಳೆಯ ಸಾಲಿನ ಹೊಲಗಳೆಲ್ಲ ಸವಳಾಗುತ್ತಿರುವ ಕಾಲ. "ಸವಳಿಲ್ಲ" ಎಂದರು, ಗಾಡಿಯವನ ಕಡೆ ತಿರುಗಿ, "ಇನ್ನ ಎಷ್ಟ ರಾಡ್ ಅದಾವೋ ನಿಮ್ಮಂತ್ಯಾಕ?" ಅಂತ ಕೂಗಿದರು. ಅವನಿಗೆ ಕನ್ನಡ ಬಾರದು, ಬೆರಳೆತ್ತಿ ತೋರಿಸಿದ. ರೇಟಿನ ಬಗ್ಗೆ ಸ್ವಲ್ಪ ಹೊತ್ತು ಹಿಂದಿಯಲ್ಲಿ ಎಳೆದಾಟವಾಯಿತು. ಆಮೇಲೆ ಹುಡುಗರು ಮತ್ತೊಂದು ರಾಡ್ ಎತ್ತಿ ಜೋಡಿಸತೊಡಗಿದರು.